ನಾಲ್ಕಂಕದ ಹೆಂಚು

ಟಿ, ಐ, ಎಲ್, ಇ.
ಒಂದೊಂದಕ್ಕೆ ಒಂದೊಂದೇ ಅಂಕ, ಒಟ್ಟು ನಾಲ್ಕು.
‘ಇಷ್ಟಕ್ಕೆ ಕಾಲು ಗಂಟೆ ಕಾಯಿಸಿದೆಯಾ ಮಾರಾಯ್ತಿ?’
ಎಂದರು ಫ್ಲೋರಿನ್ ಜತ್ತನ್ನ ಮಿಸ್,
ಬಲ್ಮಠದ ಅವರ ಜಗಲಿಯಲ್ಲಿ, ಆದಿತ್ಯವಾರ,
ಬಂಗುಡೆ ಹುರಿದ ವಾಸನೆ ಪರದೆಯಿಂದ ಇನ್ನೂ ಇಳಿಯದ ಹೊತ್ತು.

ಎಂಬತ್ತೆರಡಾದರೂ ಮಿಸ್ಸನ್ನು ಪಾಠ ಬಿಟ್ಟಿಲ್ಲ.
ಲ್ಯಾಟಿನ್ನಿನ ‘ತೇಗುಲ’ವಂತೆ ಈ ಟೈಲಿನ ಅಜ್ಜಿ,
ಅದಕ್ಕೂ ಹಿಂದೆ, ಮುಚ್ಚು ಎಂಬ ಒಂದು ಕ್ರಿಯಾಪದ.
ಅದೇ ಹೊಟ್ಟೆಯಲ್ಲಿ ಹುಟ್ಟಿದ್ದು ಪ್ರೊಟೆಕ್ಟ್,
ಅದೇ ಹೊಟ್ಟೆಯಲ್ಲಿ ಡಿಟೆಕ್ಟ್:
ಮಾಡು ಸರಿಸಿ ಒಳಗೆ ಇಣುಕುವುದು.
ಹಳೇ ಲಂಡನ್ನಿನಲ್ಲಿ ಟೋಪಿಗೂ ಟೈಲ್ ಎನ್ನುತ್ತಿದ್ದರಂತೆ.
ಒಂದು ಟೈಲ್ ಸಡಿಲ ಅಂದರೆ ತಲೆ ಸಮ ಇಲ್ಲ.
ಟೈಲಿನ ಮೇಲೆ ರಾತ್ರಿ ಕಳೆದ ಅಂದರೆ...
ಮಿಸ್ ಕನ್ನಡಕ ಒರೆಸಿದರು. ‘ಅದು ಬೇಡ, ಬೆಕ್ಕನ್ನು ಕೇಳು.’
ಅಕ್ಷರ ತಿರುವಿದರೆ ಲೈಟ್, ಸ್ಪೆಲಿಂಗ್ ಕೆಟ್ಟ ಹಗುರ.
ಮುಂದೊಂದು ಎಸ್ ಅಂಟಿಸಿದರೆ ಬೇಲಿ ಹತ್ತಿಳಿಯುವ ಮೆಟ್ಟಿಲು.
‘ಮತ್ತೆ ನೀನು ಇಷ್ಟು ಹೊತ್ತು ಉಜ್ಜಿದ ಈ ಮರದ ಬಿಲ್ಲೆಗೂ
ಹೆಸರು ಟೈಲೇ, ದಡ್ಡಿ.’

ನನಗೆ ಒಂದನೇ ಕ್ಲಾಸು ನೆನಪಾಯಿತು.
ಘಟ್ಟದ ಮೇಲಿಂದ ಬಂದ ಹೊಸ ಮಾಸ್ತರರು
ಮೈದಾನದಲ್ಲಿ ಸಾಲು ನಿಲ್ಲಿಸಿ ‘ಓಡು’ ಎಂದರು.
ಉಳಿದವರು ಓಡಿದರು. ನಾನು ಶಾಲೆಯ ಮಾಡು ನೋಡಿದೆ.
ನಮ್ಮ ತುಳುವಿನ ಓಡು ಎಲ್ಲಿಗೂ ಓಡುವುದಿಲ್ಲ,
ರೀಪಿಗೆ ಮೂಗು ಸಿಕ್ಕಿಸಿ ಕೂತಿರುತ್ತದೆ
ಕಾಗೆ ಕುಕ್ಕಿದರೂ, ಮಂಗ ಕುಣಿದರೂ.

ಅಮ್ಮ, ಗುಲಾಬಿ, ಜೆಪ್ಪುವಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಹಸಿ ಹೆಂಚು ಹೊತ್ತವಳು.
ಇಂಗ್ಲಿಷು ಬಾರದು. ಕಂಪೆನಿಯ ಹೆಸರು ಮಾತ್ರ
ಬೆರಳಿಗೆ ಬಾಯಿಪಾಠ:
ಎರಡು ಗುಡ್ಡದ ಎಮ್ಮು, ಡೇರೆಯಂಥ ಎ,
ಉಣ್ಣದೆ ಬಂದ ದಿನದ ಹೊಟ್ಟೆಯಂಥ ಓ.
ಸುಟ್ಟ ಮೇಲೆ ಗೆಣ್ಣಿನಿಂದ ಕುಟ್ಟಿ ನೋಡುವಳು.
ಣಣ್ ಎಂದರೆ ಬಂದರಿಗೆ, ಹಡಗಿಗೆ.
ಟಪ್ ಎಂದರೆ ಚೂರಿನ ರಾಶಿಗೆ.
ಈಗ ಆ ಜಾಗದಲ್ಲಿ ಹದಿನಾಲ್ಕು ಮಾಳಿಗೆ.
ಟೈಲ್ಸ್ ಎಂದರೆ ಅಲ್ಲಿನವರು ನೆಲ ತೋರಿಸುತ್ತಾರೆ.
ತಲೆಯ ಮೇಲಿದ್ದ ಶಬ್ದ
ಯಾವಾಗ ಕಾಲಡಿಗೆ ಇಳಿಯಿತೋ, ಯಾರೂ ಬರೆದಿಟ್ಟಿಲ್ಲ.

ಒಂದು ದಿನ ನನ್ನನ್ನು ಕರೆಯಲು ಬಂದ ಅಮ್ಮನನ್ನು
ಮಿಸ್ ಎಳೆದು ಕೂರಿಸಿದರು. ‘ಗುಲಾಬಿ, ಒಂದು ತೆಗಿ.’
ಚೀಲದೊಳಗೆ ಅಮ್ಮನ ಕೈ ತುಂಬ ಹೊತ್ತು ಇತ್ತು.
ನಾವಿಬ್ಬರೂ ಸುಮ್ಮನೆ. ಹಾಗೆ ತಡವುವುದು ಆಟದಲ್ಲಿ ಕಳ್ಳತನ.
ಹೊರಗೆ ಬಂದದ್ದು ಬೋಳು ಬಿಲ್ಲೆ.
‘ಉಂದೆಟ್ ದಾಲಾ ಇಜ್ಜಿ,’ ಎಂದಳು, ಏನೂ ಇಲ್ಲ ಇದರಲ್ಲಿ,
ಅಚ್ಚು ಬಿದ್ದಿಲ್ಲ, ಸೆಕೆಂಡ್ಸ್ ಮಾಲು,
ನಮ್ಮಲ್ಲಿ ಇಂಥದಕ್ಕೆ ಸಂಬಳ ಕಡಿಯುತ್ತಿದ್ದರು.
‘ಇದಕ್ಕೆ ಅಂಕ ಸೊನ್ನೆ,’ ಮಿಸ್ ಹೇಳಿದರು,
‘ಆದರೆ ನೀನು ಏನು ಹೇಳುತ್ತೀಯೋ ಅದೇ ಇದು.’
ಅಮ್ಮ ಬಿಲ್ಲೆಯನ್ನು ಕಿವಿಯ ಹತ್ತಿರ ಹಿಡಿದು
ಉಗುರಿನಿಂದ ಕುಟ್ಟಿದಳು. ಮರ. ಏನೂ ಹೇಳಲಿಲ್ಲ.

ಆ ಮಳೆಗಾಲ ಇಲಿಯೋ ಮೊಮ್ಮಗನೋ
ಎರಡು ಬೋಳುಗಳಲ್ಲಿ ಒಂದನ್ನು ಕೊಂಡುಹೋದಾಗ
ಅಮ್ಮ ಅಂಗಳದ ಕಲ್ಲಿನ ಮೇಲೆ ಹೆಂಚಿನ ಚೂರೊಂದನ್ನು
ಮೂರು ಸಂಜೆ ಉಜ್ಜಿ, ಚೌಕ ಮಾಡಿ, ಸೆರಗಿಗೆ ಒರೆಸಿ ಕೊಟ್ಟಳು.
ಕೆಂಪು. ತಣ್ಣಗೆ. ಉಳಿದವುಗಳಿಗಿಂತ ಭಾರ.
ಚೀಲಕ್ಕೆ ಕೈ ಹಾಕಿದರೆ ಸಾಕು, ಯಾರಿಗೂ ಗೊತ್ತಾಗುತ್ತದೆ.
ನಿಯಮದ ಪ್ರಕಾರ ಅದನ್ನು ಬಿಸಾಡಬೇಕು.

ಮಿಸ್ಸಿನ ಬೆರಳು ಅದನ್ನು ದಾಟಿ ಹೋಗುವುದನ್ನು ನೋಡಿದ್ದೇನೆ.
ನಾನೂ ದಾಟುತ್ತೇನೆ.
ಪ್ರತಿ ಆದಿತ್ಯವಾರ ಕೊನೆಗೆ ಚೀಲದಲ್ಲಿ
ಅದೊಂದೇ ಉಳಿಯುತ್ತದೆ. ತಿರುಗಿಸಿ ಮೇಜಿಗೆ ಬಡಿದರೆ
ಣಣ್.